ಊರು ಏನಂತ ಕರೀತಿತ್ತು?

ಮಂಗಳವಾರ, ಬೆಳಗ್ಗೆ ಹತ್ತು ಗಂಟೆ. ಅರಸೀಕೆರೆಯಲ್ಲಿ, ಹಿಂದಿನ ರಾತ್ರಿ ತೀರಿಕೊಂಡ ನಮ್ಮೂರ ವಾರ್ತಾವಾಚಕಿಯ ಮನೆಯ ಮುಂದಿನ ಶಾಮಿಯಾನ. ಇದ್ದವರು ಅವರ ತಮ್ಮ, ಎದುರುಮನೆಯಾಕೆ ಮತ್ತು ನಾನು. ಬಾಡಿಗೆ ಕುರ್ಚಿಗಳು ಪೇರಿಸಿಟ್ಟಂತೆಯೇ ಇದ್ದವು. ನಾಲ್ಕಕ್ಕೆ ಮಣ್ಣು.

ವಾರ್ತೆ ಓದುವಾಗ ಅವರ ಎಡಗೆನ್ನೆ ತುಸು ಉಬ್ಬಿರುತ್ತಿತ್ತು. ಗಂಟಲು ಒಣಗದಿರಲೆಂದು ಒಂದು ಹರಳು ಕಲ್ಲುಸಕ್ಕರೆ. ಊರಿನ ಕೇಬಲ್ ಚಾನೆಲ್ಲಿನಲ್ಲಿ ಸಂಜೆ ಏಳಕ್ಕೆ ಅವರು ಕಾಣಿಸಿಕೊಂಡರೆ ನಮ್ಮಲ್ಲಿ ಊಟದ ತಟ್ಟೆ ಬೀಳುತ್ತಿತ್ತು. ರೈಲ್ವೆಯಲ್ಲಿ ದುಡಿದ ನನಗೆ ಏಳೆಂದರೆ ಏಳು, ಅವರಿಗೂ ಅಷ್ಟೆ. ಮೊದಲು ಕೊಬ್ಬರಿ ಧಾರಣೆ, ಆಮೇಲೆ ನೀರು ಬಿಡುವ ಸರದಿ, ಕೊನೆಗೆ ತೀರಿಕೊಂಡವರ ಸುದ್ದಿ. ಧಾರಣೆ ಮುಗಿದೊಡನೆ ಗಂಡಸರು ಏಳುತ್ತಿದ್ದರು, ಹೆಂಗಸರು ಕೊನೆಯದಕ್ಕೆ ಕಾಯುತ್ತಿದ್ದರು. ಊರಿಗೆಲ್ಲ ಅವರು ‘ವಾರ್ತೆ ಅಕ್ಕ’.

ಅವರು ಚಾನೆಲ್ಲಿಗೆ ಸೇರಿದ ಹೊಸತರಲ್ಲಿ ಬಸ್ ನಿಲ್ದಾಣದ ಬಳಿ ಬೋಂಡ ಮಾರುತ್ತಿದ್ದವನೊಬ್ಬ ಸತ್ತ. ಇವರು ರೇಷನ್ ಕಾರ್ಡಿನಲ್ಲಿದ್ದ ಹೆಸರನ್ನೇ ಸ್ಪಷ್ಟವಾಗಿ ಓದಿದರು. ಮಾರನೆಯ ದಿನ ಅವನ ಹೆಂಡತಿ ಬಂದು ಕೇಳಿದಳಂತೆ: “ಯಾರ ಸುದ್ದಿ ಓದಿದ್ರವ್ವ? ನಮ್ಮೋರು ಹೋಗಿದ್ದು ಯಾರ್ಗೂ ಗೊತ್ತಾಗ್ನಿಲ್ಲ. ಬೋಂಡ ಭಾವ ಅಂದಿದ್ರೆ ಜನ ಬರೋರು.”

ಅಂದಿನಿಂದ ಸಾವಿನ ಮನೆಗೆ ಫೋನು ಮಾಡಿ ಅವರು ಕೇಳುತ್ತಿದ್ದುದು ಒಂದೇ: “ಊರು ಏನಂತ ಕರೀತಿತ್ತು?” ನೌಕರಿಯಲ್ಲಿರುವ ಮಕ್ಕಳಿಗೆ ಸಂಕೋಚವಾಗುತ್ತಿತ್ತು. ‘ತರಲೆ ತಿಮ್ಮಣ್ಣ’ ಎನ್ನಬೇಡಿ, ಪೂರ್ತಿ ಹೆಸರೇ ಓದಿ ಎಂದು ಒಬ್ಬ ಪಟ್ಟು ಹಿಡಿದಾಗ, “ಅದನ್ನ ಸಮಾಧಿ ಮೇಲೆ ಕೆತ್ತಿಸ್ಕೊಳಪ್ಪ. ನಂದು ಜನ ಕರೆಯೋ ಕೆಲಸ” ಎಂದಿದ್ದರು.

ನನ್ನ ಹೆಂಡತಿ ಹೋದ ದಿನ ನನಗೂ ಫೋನು ಬಂತು. ದಾಖಲೆಯ ಹೆಸರು ಹೇಳಿದೆ. ಊರು ಏನೆನ್ನುತ್ತಿತ್ತೋ ನನಗೆ ತಿಳಿದಿರಲಿಲ್ಲ. ಅವರೇ ಅಲ್ಲಿಲ್ಲಿ ವಿಚಾರಿಸಿ, “ರೈಲ್ವೆ ಕ್ವಾರ್ಟರ್ಸಿನ ಕರಿಬೇವಿನಮ್ಮ” ಎಂದು ಓದಿದರು. ಯಾರು ಬಂದು ಕೇಳಿದರೂ ಅವಳು ಹಿತ್ತಲ ಗಿಡದಿಂದ ಮುರಿದುಕೊಡುತ್ತಿದ್ದಳಂತೆ. ಮಾರನೆಯ ದಿನ ಮಣ್ಣಿಗೆ ಬಾಣಾವರದಿಂದಲೂ ರೈಲು ಹತ್ತಿ ಬಂದವರಿದ್ದರು. ನಾನು ಡ್ಯೂಟಿಯಲ್ಲಿದ್ದ ಹೊತ್ತಿನ ನನ್ನ ಹೆಂಡತಿಯ ಪರಿಚಯ ನನಗಾದದ್ದು ಆ ಮಧ್ಯಾಹ್ನ.

ಜಾಹೀರಾತು ನಿಂತು ಚಾನೆಲ್ ಮುಚ್ಚಿದ ಮೇಲೆ ಸಂಜೆಗಳಲ್ಲಿ ಅವರು ತಮ್ಮ ಮನೆಯ ಜಗುಲಿಯಲ್ಲಿ ಸಿಗುತ್ತಿದ್ದರು. ಮೊಬೈಲು ನೋಡಿ ದಣಿದ ದನಿಯಲ್ಲಿ ಹೇಳುತ್ತಿದ್ದರು: “ಬೆಳಗಾದ್ರೆ ವಾಟ್ಸಾಪ್ ಗುಂಪಲ್ಲಿ ಓಂ ಶಾಂತಿ ಹಾಕ್ತಾರೆ ಕಣ್ರೀ. ಯಾರಿಗೆ ಅಂದ್ರೆ ಗೊತ್ತಿಲ್ಲ.”

ಈಗ ಅವರ ತಮ್ಮ ಮೊಬೈಲು ಮುಂದೆ ಹಿಡಿದ. “ರಾತ್ರಿನೇ ಗುಂಪಿಗೆ ಹಾಕಿದೀನಿ ಸಾರ್. ಎಷ್ಟು ಜನ ಕೈ ಮುಗಿದವ್ರೆ ನೋಡಿ. ಒಬ್ರೂ ಬರ್ಲಿಲ್ಲ.”

ನೋಡಿದೆ. ಆಧಾರ್ ಕಾರ್ಡಿನ ಫೋಟೋ, ಕೆಳಗೆ ತಂದೆಯ ಹೆಸರು ಸಮೇತ ಅವರ ಪೂರ್ತಿ ಹೆಸರು. ಅಷ್ಟು ವರ್ಷ ಅವರ ವಾರ್ತೆ ಕೇಳಿದ ನನಗೇ ಆ ಹೆಸರು ಹೊಸದು. ನಾನು ಬಂದದ್ದು ಎದುರುಮನೆಯಾಕೆ ಫೋನು ಮಾಡಿದ್ದರಿಂದ.

“ಮೈಕಿನ ಆಟೋ ಕರೆಸಪ್ಪ” ಎಂದೆ.

ಅವನೂ ನಾನೂ ಹತ್ತಿದೆವು. ಮೈಕು ನಾನೇ ಹಿಡಿದೆ. “ದಿನಾ ಏಳು ಗಂಟೆಗೆ ವಾರ್ತೆ ಓದುತ್ತಿದ್ದ ನಮ್ಮ ವಾರ್ತೆ ಅಕ್ಕ ತೀರಿಕೊಂಡಿದ್ದಾರೆ. ನಾಲ್ಕಕ್ಕೆ ಮಣ್ಣು.” ಸಂತೆ ಬೀದಿ, ಬಸ್ ನಿಲ್ದಾಣ, ಸ್ಟೇಷನ್ ರಸ್ತೆ. ನನ್ನ ದನಿ ಅವರಷ್ಟು ನಿಧಾನವಾಗಿರಲಿಲ್ಲ.

ತೆಂಗಿನಕಾಯಿ ಅಂಗಡಿಯವನು ಅಡ್ಡ ಬಂದು ಆಟೋ ನಿಲ್ಲಿಸಿದ. “ಏನ್ ಸಾರ್, ನಮ್ ವಾರ್ತೆ ಅಕ್ಕನಾ? ಬೆಳಿಗ್ಗೆ ನಾನೇ ಓಂ ಶಾಂತಿ ಹಾಕಿದ್ನಲ್ಲ. ಯಾರೋ ಬೇರೆಯೋರು ಅಂದ್ಕಂಡೆ ಕಣ್ರೀ.” ಅಷ್ಟು ಹೇಳಿ ಅಂಗಡಿಯ ಬಾಗಿಲು ಎಳೆದ.

ಮೂರೂವರೆಗೆ ಕುರ್ಚಿ ಸಾಲಲಿಲ್ಲ. ಜಾವಗಲ್ ಬಸ್ಸಿನಿಂದ ಇಳಿದು ಬಂದ ಮುದುಕಿಯೊಬ್ಬಳು ಅವರ ಮುಖವನ್ನೇ ನೋಡುತ್ತ, “ಟಿವೀಲಿ ಕೆನ್ನೆ ಊದ್ಕಂಡಂಗಿತ್ತಲ್ಲ” ಎಂದಳು. ಎದುರುಮನೆಯಾಕೆ ಒಳಗಿನಿಂದ ಒಂದು ಹರಳು ಕಲ್ಲುಸಕ್ಕರೆ ತಂದು ಅವರ ಬಾಯಿಗಿಟ್ಟಳು.

ಮಣ್ಣು ಮುಗಿಸಿ ಮನೆಗೆ ಬಂದು ಸ್ನಾನ ಮಾಡಿದೆ. ಏಳಕ್ಕೆ ಊಟಕ್ಕೆ ಕುಳಿತೆ. ಟಿವಿ ಹಾಕಲಿಲ್ಲ. ಉಂಡು ತಟ್ಟೆ ತೊಳೆದು ಕವುಚಿಟ್ಟೆ.