ಮುಳ್ಳಿನ ಗುಡ್ಡೆಗಳ ಚಿತ್ರ

ಐವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮದುವೆಯಾಗಿ ಮೈಸೂರಿನಿಂದ ಗುಂಡ್ಲುಪೇಟೆಗೆ ಬಂದೆ. ಬಂದ ಮೇಲೆ ಒಂದು ಮಗುವಾಯಿತು. ಹೆಸರಿಡುವ ಮೊದಲೇ ಹೋಯಿತು. ನಾನಿನ್ನೂ ಬಾಣಂತಿ ಕೋಣೆಯಲ್ಲಿ ಮಲಗಿದ್ದೆ. ನಮ್ಮ ಯಜಮಾನರು ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೊರಟಾಗ ಕಿಟಕಿಯಿಂದ ಅವರ ಬೆನ್ನು ಮಾತ್ರ ಕಂಡಿತು. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿಲ್ಲ. ಎಲ್ಲಿ ಎಂದು ಆಮೇಲೆ ಹಲವು ಸಲ ಕೇಳಿದೆ. "ಊರಾಚೆ" ಎನ್ನುವರು, ಪೇಪರು ಬಿಡಿಸಿಕೊಳ್ಳುವರು. ನನಗೆ ಬೇಕಾಗಿದ್ದುದು ಒಂದು ಜಾಗ, ಅಷ್ಟೇ. ಅಳು ಬಂದಾಗ ಯಾವ ದಿಕ್ಕಿಗೆ ತಿರುಗಬೇಕೆಂದು ತಿಳಿಯದೆ ಗೋಡೆಯ ಕಡೆ ತಿರುಗುತ್ತಿದ್ದೆ.

ಊರಿನಲ್ಲಿ ಚಿತ್ರ ಬರೆಯುವವರ ಸಣ್ಣದೊಂದು ಗುಂಪಿತ್ತು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರು, ಜವಳಿ ಅಂಗಡಿಯ ಯಜಮಾನರು, ಚಾಮರಾಜನಗರದಿಂದ ಬೆಳಗಿನ ಬಸ್ಸಿಗೆ ಬರುವ ಒಂದಿಬ್ಬರು. ಭಾನುವಾರಗಳಲ್ಲಿ ಬಯಲಿಗೆ ಹೋಗಿ ಬರೆಯುತ್ತಿದ್ದರು. ಮೇಷ್ಟರ ಹೆಂಡತಿ ಚಿತ್ರಾನ್ನದ ಡಬ್ಬಿ ಹಿಡಿದು ಜೊತೆಗೆ ಹೋಗುತ್ತಿದ್ದುದರಿಂದ ನನ್ನನ್ನೂ ಕಳಿಸಲು ಮನೆಯವರು ಒಪ್ಪಿದರು. "ಹೋಗಿ ಬಾ, ಮನಸ್ಸಿಗೆ ಒಂದಿಷ್ಟು ಗಾಳಿಯಾಡಲಿ" ಎಂದರು ನಮ್ಮ ಯಜಮಾನರು. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ಒಬ್ಬರು ಕೊಟ್ಟಿದ್ದ ಬಣ್ಣದ ಪೆಟ್ಟಿಗೆ ಟ್ರಂಕಿನ ತಳದಲ್ಲಿತ್ತು. ತೆಗೆದೆ.

ಒಂದು ವಾರ ಯಾರದೋ ಹೊಲ, ಇನ್ನೊಂದು ವಾರ ಯಾವುದೋ ಕೆರೆ. ಚೊಂಬಿನಲ್ಲಿ ನೀರು, ಮಡಿಕೆಯ ಚೂರಿನಲ್ಲಿ ಬಣ್ಣ. ಬಣ್ಣದ ಅಂಟಿಗೆ ಇರುವೆ ಬರುತ್ತಿದ್ದವು. ಜವಳಿ ಯಜಮಾನರು ಕುಂಚ ಒರೆಸಲು ಎಲ್ಲರಿಗೂ ಅಂಗಡಿಯ ಚೂರುಬಟ್ಟೆ ಹಂಚುತ್ತಿದ್ದರು. ನನ್ನ ಪಾಲಿಗೆ ಬಂದ ಬಟ್ಟೆಯಲ್ಲಿ ಒಮ್ಮೆ ಎಳೆಗೂಸಿನ ಅಂಗಿಗೆ ಹೊಂದುವಂಥ ಸಣ್ಣ ಹೂಗಳಿದ್ದವು. ಅದನ್ನು ಒದ್ದೆ ಮಾಡದೆ ಮಡಿಸಿಟ್ಟುಕೊಂಡೆ.

ಆ ಭಾನುವಾರ ತೆರಕಣಾಂಬಿ ರಸ್ತೆಯಲ್ಲಿ ಊರು ದಾಟಿದ ಮೇಲಿನ ಒಂದು ದಿಬ್ಬಕ್ಕೆ ಹೋದೆವು. ಮೋಡ ಕವಿದಿತ್ತು. ಎಲ್ಲರೂ ದೂರದ ಗೋಪಾಲಸ್ವಾಮಿ ಬೆಟ್ಟದ ಕಡೆ ಮುಖ ಮಾಡಿ ಕೂತರು. ನನಗೆ ಹಿಂಬದಿಯ ಬೀಳು ನೆಲ ಹಿಡಿಸಿತು. ಕೆಂಪು ಮಣ್ಣು, ಒಂದು ಹೊಂಗೆ ಮರ, ಅದರ ಸುತ್ತ ಅಲ್ಲಲ್ಲಿ ಒಣಮುಳ್ಳಿನ ಚಿಕ್ಕ ಚಿಕ್ಕ ಗುಡ್ಡೆ. ಬೇಲಿಗೆಂದು ಯಾರೋ ಕಡಿದು ಹಾಕಿರಬೇಕು ಅಂದುಕೊಂಡೆ. ಒಣಗಿದ ಮುಳ್ಳಿಗೆ ಬೂದಿಯೊಳಗೆ ಒಂಚೂರು ಗುಲಾಬಿ ಬೆರೆಸಿದಂಥ ಬಣ್ಣವಿತ್ತು. ನಾನು ಅತ್ತ ತಿರುಗಿ ಕೂತೆ.

"ಅಲ್ಯಾಕ್ ಕುಂತ್ಕಂಡ್ರಿ ಅಕ್ಕಾರೆ? ಈ ಕಡೀಕ್ ಬನ್ನಿ, ಬೆಟ್ಟ ಪೋಟೋಕ್ ನಿಂತಂಗ್ ನಿಂತದೆ" ಎಂದರು ಜವಳಿ ಯಜಮಾನರು.

"ನೀವು ಬರ್ದಿರೋ ಬೆಟ್ಟ ನೋಡುದ್ರೆ ಕಡ್ಲೆಕಾಯ್ ರಾಶಿ ಸುರ್ದಂಗದೆ. ನಿಮ್ ಕೆಲ್ಸ ನೀವ್ ನೋಡ್ಕಳಿ" ಎಂದು ಮೇಷ್ಟರು ಅವರ ಬಾಯಿ ಮುಚ್ಚಿಸಿದರು. ಎಲ್ಲರೂ ನಕ್ಕರು. ಆಮೇಲೆ ಮೇಷ್ಟರು ನನ್ನ ಕಡೆ ಒಮ್ಮೆ ನೋಡಿ, ಏನೋ ಹೇಳಹೊರಟವರು ಕನ್ನಡಕ ತೆಗೆದು ಒರೆಸತೊಡಗಿದರು.

ಊಟದ ಹೊತ್ತಿಗೆ ಚಿತ್ರ ಮುಗಿಯುತ್ತ ಬಂದಿತ್ತು. ಎಲೆ ಕೊಡಲು ಬಂದ ಮೇಷ್ಟರ ಹೆಂಡತಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಅವರ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು.

"ಇದ್ಯಾಕ್ ಬರ್ದೆ ಕಣಮ್ಮಿ? ಅಳಿಸ್ಬುಡು."

"ಯಾಕಮ್ಮ? ಚೆನ್ನಾಗಿ ಬಂದಿಲ್ವಾ?"

"ಚೆಂದಾಗೇ ಬಂದದೆ." ಅವರು ಪಕ್ಕದಲ್ಲಿ ಕೂತು ದನಿ ತಗ್ಗಿಸಿದರು. "ಎಳೆಗೂಸುಗಳ್ನ ಮಣ್ಣು ಮಾಡೋ ಜಾಗ ಕಣಮ್ಮಿ ಅದು. ನರಿ ಕೆರೀಬಾರ್ದು ಅಂತ ಮೇಲೆ ಮುಳ್ಳು ಏರ್ತರೆ. ನಿಂಗ್ ಯಾರೂ ಹೇಳ್ನಿಲ್ವಾ?"

ನನಗೆ ಗೊತ್ತಿದ್ದ ಸ್ಮಶಾನ ಕಾನ್ವೆಂಟಿನ ಹಿಂದಿನದು. ಸುತ್ತ ಗೋಡೆ, ಗೇಟು, ಕಲ್ಲಿನ ಮೇಲೆ ಹೆಸರು.

"ನಮ್ದೂ ಇಲ್ಲೇನಾ?" ಎಂದು ಕೇಳಿದೆ.

ಅವರು ಎಲೆಯನ್ನು ಕೆಳಗಿಟ್ಟರು. ನನ್ನ ಮಂಡಿಯ ಮೇಲೆ ಕೈಯಿಟ್ಟು ಹೌದೆಂದು ತಲೆಯಾಡಿಸಿದರು. ಬೆಟ್ಟ ಬರೆಯುತ್ತಿದ್ದವರ ಮಾತು ನಿಂತಿತು. ಯಾರೂ ಹಿಂತಿರುಗಿ ನೋಡಲಿಲ್ಲ. ಅವರಿಗೆಲ್ಲ ಮೊದಲೇ ತಿಳಿದಿತ್ತು.

ಸಂಜೆ ನಮ್ಮ ಯಜಮಾನರು ಕೈಕಾಲು ತೊಳೆದು ಜಗಲಿಗೆ ಬಂದಾಗ ಚಿತ್ರವನ್ನು ಅವರ ಮುಂದೆ ಇಟ್ಟೆ. ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ಟವೆಲಿನಿಂದ ಕೈ ಒರೆಸುತ್ತಲೇ ಇದ್ದರು, ಒಣಗಿದ ಕೈಯನ್ನು ಮತ್ತೆ ಮತ್ತೆ.

"ಇದ್ರಲ್ಲಿ ಯಾವ್ದು ಅಂತ ತೋರಿಸಿ" ಎಂದೆ.

"ಯಾಕೆ ಈಗ ಅದೆಲ್ಲಾ?"

"ಯಾವ್ದು ಅಂತ ಹೇಳಿ. ಇನ್ನೇನೂ ಕೇಳಲ್ಲ."

ಅವರು ಕುಕ್ಕರಗಾಲಲ್ಲಿ ಕೂತರು. ಬೆರಳು ಮೊದಲು ಹೊಂಗೆ ಮರದ ಬುಡಕ್ಕೆ ಹೋಯಿತು. ಅಲ್ಲಿಂದ ಎಡಕ್ಕೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಕೊನೆಗೆ ಕೆಳಗಿನ ಮೂಲೆಯ ಒಂದು ಗುಡ್ಡೆಯ ಮೇಲೆ ಊರಿತು.

"ಇದು" ಎಂದರು. "ಇದೇ. ನಾನೇ ಮುಳ್ಳು ಹೇರಿದ್ದೆ."

ಆ ಗುಡ್ಡೆ ಆ ಬೀಳು ನೆಲದಲ್ಲಿ ಇರಲಿಲ್ಲ. ಹಾಳೆಯ ಆ ಮೂಲೆ ಬರಿದಾಗಿ ಕಾಣುತ್ತದೆಂದು ನಾನೇ ಊಹೆಯಿಂದ ಸೇರಿಸಿದ್ದೆ. ಅವರ ಮುಖ ನೋಡಿದೆ. ಕಣ್ಣು ನನ್ನ ಮೇಲಿರಲಿಲ್ಲ, ಬೆರಳು ಮಾತ್ರ ಕಾಗದವನ್ನು ಒತ್ತಿ ಹಿಡಿದಿತ್ತು, ತೆಗೆದರೆ ಮತ್ತೆ ಸಿಗದೇನೋ ಎಂಬಂತೆ. ಅವರಿಗೂ ಆ ಜಾಗ ಕಳೆದುಹೋಗಿತ್ತು. ಎಷ್ಟು ಸಲ ಒಬ್ಬರೇ ಹೋಗಿ ಹುಡುಕಿದ್ದರೋ, ಎಂದೂ ಹೇಳಲಿಲ್ಲ.

"ಸರಿ" ಎಂದೆ. ಪಕ್ಕದಲ್ಲಿ ಕೂತು, ಆ ಗುಡ್ಡೆಯ ಮೇಲೆ ಅವರ ಬೆರಳಿನ ಪಕ್ಕಕ್ಕೇ ನನ್ನ ಬೆರಳನ್ನೂ ಇಟ್ಟೆ.