ಮಡಿಸಬೇಕಿದ್ದ ಅಂಗಿಗೆ ಕತ್ತರಿ

ಭಾನುವಾರ ಬೆಳಗಿನ ನಾಲ್ಕೂವರೆ. ಚರ್ಚಿನ ಹಿಂಬದಿಯ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಅರವತ್ತೇಳು ವರ್ಷದ ಹೆಂಗಸೊಬ್ಬರು ಇಸ್ತ್ರಿಪೆಟ್ಟಿಗೆಯ ಹತ್ತಿರ ಅಂಗೈ ಹಿಡಿದು ಶಾಖ ನೋಡುತ್ತಾರೆ, ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಾರೆ, ಕೆಂಪು ನಿಲುವಂಗಿಯ ಮೊದಲ ನೆರಿಗೆಯನ್ನು ಒತ್ತುತ್ತಾರೆ. ಒಂದು ಅಂಗಿಗೆ ಹದಿನಾಲ್ಕು ನೆರಿಗೆ, ಒಂಬತ್ತು ನಿಮಿಷ. ಹಾಡುವವರು ಇಪ್ಪತ್ತಾರು ಮಂದಿ. ಒಂಬತ್ತು ಗಂಟೆಯ ಆರಾಧನೆಯಲ್ಲಿ ಅವರೆಲ್ಲ ಸಾಲಾಗಿ ನಿಂತು ಬಾಯಿ ತೆರೆದಾಗ ಜನ ದನಿಯನ್ನು ಮೆಚ್ಚುತ್ತಾರೆ. ನೆರಿಗೆಯನ್ನು ಮೆಚ್ಚಿದವರನ್ನು ಈ ಹೆಂಗಸು ಇನ್ನೂ ಕಂಡಿಲ್ಲ.

ಮಕ್ಕಳು ಇವರಿಗೆ ಇಟ್ಟಿರುವ ಹೆಸರು ಅಂಗಿಯಮ್ಮ. ಮೂವತ್ತೊಂದು ವರ್ಷಗಳಿಂದ ಹಾಡುಗಾರರ ಅಂಗಿ ಹೊಲಿಯುವುದು, ಒಗೆಯುವುದು, ಇಸ್ತ್ರಿ ಮಾಡುವುದು ಎಲ್ಲ ಇವರದೇ. ಮೊದಲು ಗಂಡನ ಹೊಲಿಗೆ ಅಂಗಡಿ ಇತ್ತು. ಗಂಡ ಹೋದ ಮೇಲೆ ಅಂಗಡಿ ಮುಚ್ಚಿತು, ಯಂತ್ರ ಮಾತ್ರ ಇಲ್ಲಿಗೆ ಬಂತು. ಮಂಡಿ ನೋವು ಹಿಡಿದಿದೆ, ಕಣ್ಣು ಮಂಜಾಗಿದೆ, ನಾಲಗೆ ಮಾತ್ರ ಮೊಂಡಾಗಿಲ್ಲ. ಸೊಂಟದ ಅಳತೆ ತೆಗೆಯುವಾಗ ಉಸಿರು ಬಿಗಿಹಿಡಿಯುವ ಗಂಡಸರಿಗೆ, "ಸ್ವರ ಏರಲಿ ಬಿಡಲಿ, ಹೊಟ್ಟೆ ಮಾತ್ರ ವರ್ಷ ವರ್ಷ ಏರುತ್ತೆ. ಉಸಿರು ಬಿಡಿ, ನಂಗೇನ್ ಗೊತ್ತಾಗಲ್ವಾ?" ಎನ್ನುತ್ತಾರೆ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಒಮ್ಮೆ ಹೊಲಿದ ಹಾಡುಗಾರರ ಅಂಗಿಗೆ ಮತ್ತೆ ಕತ್ತರಿ ಹಾಕುವಂತಿಲ್ಲ. ಎಂಟು ವರ್ಷದ ಹುಡುಗ ಸೇರಿದರೂ ದೊಡ್ಡವರ ಅಳತೆಯ ಬಟ್ಟೆಯನ್ನೇ ಕೊಯ್ದು, ಉಳಿದದ್ದನ್ನು ಒಳಗೆ ಮಡಿಸಿ ಹೊಲಿಯಬೇಕು. ಅವನು ಬೆಳೆದಂತೆ ವರ್ಷಕ್ಕೊಮ್ಮೆ ಎರಡು ಬೆರಳು ಬಿಚ್ಚಬೇಕು. ಕುಳ್ಳಗಿರುವವರಿಗೆ ಕೊಡುವಾಗ ಮತ್ತೆ ಮಡಿಸಬೇಕು. ಹೀಗಾಗಿ ಒಂದು ಅಂಗಿ ಮೂವರು ನಾಲ್ವರ ಮೈ ಕಂಡು, ಇಪ್ಪತ್ತು ವರ್ಷ ಬಾಳುತ್ತದೆ. ಈ ಕೋಣೆಯಲ್ಲಿ ಆ ಕಟ್ಟುಪಾಡು ಮುರಿದದ್ದು ಒಂದೇ ಒಂದು ಸಲ, ಐದು ವರ್ಷದ ಹಿಂದೆ. ಆ ಅಂಗಿ ಅಂಗಿಯಮ್ಮನ ತಂಗಿಯ ಮಗನದು.

ತಂಗಿ ತೀರಿಕೊಂಡಾಗ ಅವನಿಗೆ ಒಂಬತ್ತು. ಅವನನ್ನು ಕೈಹಿಡಿದು ಹಾಡುಗಾರರ ಸಾಲಿಗೆ ಸೇರಿಸಿದವರು ಇವರೇ. ಅಂಗಿಯ ಅಂಚನ್ನು ವರ್ಷ ವರ್ಷ ಬಿಚ್ಚಿಕೊಟ್ಟರು. ಹುಡುಗನ ದನಿ ಒಡೆಯಿತು, ತುಂಬಿಕೊಂಡಿತು. ಅವನು ಹಾಡಿದರೆ ಹಿಂದಿನ ಬೆಂಚಿನ ಮುದುಕರೂ ತೂಕಡಿಕೆ ಬಿಟ್ಟು ಕೂರುತ್ತಿದ್ದರು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ತಾನಾಗಿ ಪಾದ್ರಿಯ ಮುಂದೆ ನಿಂತು, ತನ್ನ ಮನಸ್ಸು ಒಲಿದಿರುವುದು ಒಬ್ಬ ಗಂಡಸಿಗೆ, ಇದನ್ನು ದೇವರಿಂದ ಮುಚ್ಚಿಟ್ಟಿಲ್ಲ, ಸಭೆಯಿಂದಲೂ ಮುಚ್ಚಿಡಲಾರೆ ಎಂದ. ಹಿರಿಯರು ಕೂಡಿದರು. ಬಂದು ಕೂರಬಹುದು, ಹಾಡುವಂತಿಲ್ಲ ಎಂದು ತೀರ್ಮಾನವಾಯಿತು. ಪಾದ್ರಿ ಇವರ ಕೋಣೆಗೆ ಬಂದು, ಆ ಅಂಗಿಯನ್ನು ಬೇರೆಯವರಿಗೆ ಸರಿಮಾಡಿ ಎಂದಷ್ಟೇ ಹೇಳಿ ಹೋದರು.

ಸರಿಮಾಡುವುದೆಂದರೆ ಮಡಿಸುವುದು. ಅದನ್ನು ಇವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಆ ವಾರವಿಡೀ ನಲ್ಲಿಯ ಬಳಿ, ಅಂಗಡಿಯ ಮುಂದೆ ಹೆಂಗಸರು ಇವರನ್ನು ಕಂಡು ಮಾತು ನಿಲ್ಲಿಸಿದ್ದರು. ಮೈಯೆಲ್ಲ ಉರಿದು, ಕತ್ತರಿ ಎತ್ತಿಕೊಂಡು ಗೇಣುದ್ದ ಕತ್ತರಿಸಿ ಎಸೆದರು. ಅಂಗಿಯನ್ನು ನೆನಪಿಗೆಂದು ಕೇಳಿ ಪಡೆಯಲು ಅದೇ ಸಂಜೆ ಅವನು ಬಂದ. ನೆಲದ ಮೇಲೆ ಬಿದ್ದಿದ್ದ ಕೆಂಪು ತುಂಡನ್ನು ನೋಡಿದ, ದೊಡ್ಡಮ್ಮನ ಮುಖ ನೋಡಿದ, ಬಂದ ಹಾಗೇ ಹೊರಟುಹೋದ. ನಾಲ್ಕೂವರೆ ವರ್ಷ ಈ ಕಡೆ ತಲೆ ಹಾಕಲಿಲ್ಲ. ಇವರೂ ಹೋಗಲಿಲ್ಲ.

ಕಳೆದ ವರ್ಷ ಹೊಸ ಪಾದ್ರಿ ಬಂದರು. ಹಾಡುಗಾರರ ಹಳೆಯ ಹಾಜರಿ ಪುಸ್ತಕಗಳನ್ನು ತಿರುವುತ್ತಿದ್ದಾಗ ಅವರಿಗೆ ಅಡ್ಡಗೆರೆ ಎಳೆದ ಒಂದು ಹೆಸರು ಸಿಕ್ಕಿತು. ವಿಚಾರಿಸಿ ತಿಳಿದುಕೊಂಡರು. ಹಿರಿಯರ ಜೊತೆ ಮೂರು ತಿಂಗಳು ಗುದ್ದಾಡಿ, ಅವನು ಮತ್ತೆ ಹಾಡಲು ಒಪ್ಪಿಸಿದರು. ಕೊನೆಗೆ ಅಂಗಿಯಮ್ಮನ ಬಳಿ ಬಂದು, ಕೃಪೆಗೆ ನಾವು ಬಾಗಿಲು ಕಾಯುವವರಲ್ಲ, ಹೋಗಿ ಕರೆಯಿರಿ ಎಂದರು.

ಇವರು ಹೋದರು. ಬಾಗಿಲು ತೆರೆದದ್ದು ಅವನ ಸಂಗಾತಿ, ಶಾಲೆಯ ಬಸ್ಸು ಓಡಿಸುವವನು. ಯಾರೆಂದು ತಿಳಿದೊಡನೆ ಕುರ್ಚಿ ಒರೆಸಿ ಕೂರಿಸಿ, ಟೀ ಮಾಡಿ ತಂದ. ತಂಗಿಯ ಮಗ ಎದುರು ಕುಳಿತ. ಕ್ಷಮೆ ಕೇಳಬೇಕೆಂದೇ ಹೋಗಿದ್ದ ಇವರ ಬಾಯಿಂದ ಬಂದ ಮಾತು ಬೇರೆ. ಪಾದ್ರಿಗಳು ಕತ್ತರಿಸು ಎಂದರು, ನಾನೇನು ಮಾಡಲಿ ಎಂದುಬಿಟ್ಟರು. ಊರು ಬಿಟ್ಟುಹೋದ ಪಾದ್ರಿಯ ತಲೆಯ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ.

"ಗೊತ್ತು ದೊಡ್ಡಮ್ಮ," ಎಂದನಂತೆ ಅವನು. "ನೀನಾಗಿ ಹಾಗ್ ಮಾಡೋಳಲ್ಲ ಅಂತ ಅವತ್ತೇ ಅಂದ್ಕೊಂಡೆ. ನೀನೊಬ್ಬಳು ನನ್ ಕಡೆ ಇದ್ದೀಯ ಅಂತಾನೇ ನಾನು ಪ್ರಾರ್ಥನೆ ಬಿಡಲಿಲ್ಲ."

ಪತ್ರಿಕೆಗೆಂದು ಮಾತಾಡಿಸಲು ಬಂದ ನಮಗೆ ಇದನ್ನು ಹೇಳುವಾಗ ಅಂಗಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸುತ್ತಾರೆ. ಬಟ್ಟೆ ಸುಟ್ಟೀತೆಂಬ ಎಚ್ಚರ ದುಃಖದಲ್ಲೂ ತಪ್ಪುವುದಿಲ್ಲ.

"ಬೈದಿದ್ರೆ ತಡ್ಕೋತಿದ್ದೆ. ಅವನು ಹೊಟ್ಟೆಗೆ ಹಾಕ್ಕೊಂಡ. ಆದ್ರೆ ಏನನ್ನ ಹಾಕ್ಕೊಂಡ? ನಾನು ಹೇಳಿದ ಸುಳ್ಳನ್ನ."

ಆರು ತಿಂಗಳಿಂದ ಅವನು ಮತ್ತೆ ಬರುತ್ತಿದ್ದಾನೆ. ಸಂಗಾತಿಯೊಂದಿಗೆ ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಸಾಲಿಗೆ ಬಂದು ನಿಲ್ಲಲು ಇನ್ನೂ ಮನಸ್ಸು ಮಾಡಿಲ್ಲ, ಕೂತಲ್ಲೇ ಮೆಲ್ಲಗೆ ಹಾಡುತ್ತಾನೆ. ಆರಾಧನೆ ಮುಗಿದ ಮೇಲೆ ಬಂದು ದೊಡ್ಡಮ್ಮನ ಕೈ ಹಿಡಿದು ಮಂಡಿ ನೋವು ಹೇಗಿದೆ ಎಂದು ಕೇಳುತ್ತಾನೆ. ಪ್ರತಿ ಭಾನುವಾರ ಇವತ್ತು ಹೇಳಿಬಿಡೋಣ ಎಂದುಕೊಂಡೇ ಇವರು ಕಾಯುತ್ತಾರೆ. ಆ ಕೈ ಕೈಗೆ ಸಿಕ್ಕೊಡನೆ ಮಂಡಿ ನೋವಿನ ಮಾತನ್ನೇ ಆಡಿ ಕಳಿಸಿಬಿಡುತ್ತಾರೆ. ನಿಜ ತಿಳಿದರೆ ಅವನು ಮತ್ತೆ ಹೋಗಿಬಿಡಬಹುದು. ತಿಳಿಯದಿದ್ದರೆ ಅವನು ಪ್ರೀತಿಸುತ್ತಿರುವುದು ಇಲ್ಲದ ದೊಡ್ಡಮ್ಮನನ್ನು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ಇವರಿಗೇ ಬಗೆಹರಿದಿಲ್ಲ.

ಎಂಟೂವರೆಗೆ ಇಪ್ಪತ್ತಾರನೆಯ ಅಂಗಿ ಗೂಟಕ್ಕೆ ಏರುತ್ತದೆ. ಇಷ್ಟು ವರ್ಷದ ದುಡಿಮೆಗೆ ಸಭೆಯಿಂದ ಏನನ್ನು ಬಯಸುತ್ತೀರಿ ಎಂದು ಕೇಳಿದರೆ ಅಂಗಿಯಮ್ಮ ಕೈಯಾಡಿಸಿಬಿಡುತ್ತಾರೆ. ಸನ್ಮಾನ ಬೇಡ, ಶಾಲು ಬೇಡ, ಪೇಪರಿನಲ್ಲಿ ಫೋಟೋವೂ ಬೇಡ.

"ಹೆಸರು ಹಾಕ್ಬೇಡಿ, ಹಾಕ್ದಿದ್ರೂ ಅವನಿಗೆ ಗೊತ್ತಾಗುತ್ತೆ," ಎನ್ನುತ್ತಾರೆ. "ಕತ್ತರಿಸು ಅಂತ ಯಾರೂ ಹೇಳಿರಲಿಲ್ಲ, ಅವಳಾಗೇ ಕತ್ತರಿಸಿದ್ಲು. ಅಷ್ಟು ಬರೀರಿ. ಭಾನುವಾರದ ಪೇಪರ್ ಅವನು ಒಂದಕ್ಷರ ಬಿಡದೆ ಓದ್ತಾನೆ."