ಪೂರ್ತಿ ವಾಕ್ಯ ಹೇಳು

ನನ್ನ ಆರು ವರ್ಷದ ಮಗಳಿಗೆ ಪದಗಳು ಗೊತ್ತು, ಅವನ್ನು ಕೂಡಿಸಲು ಬರುವುದಿಲ್ಲ. ಬಿ.ಎಡ್. ಓದಿದ ನಾನು, ಅವಳು ಪೂರ್ತಿ ವಾಕ್ಯ ಹೇಳುವವರೆಗೂ ಓಗೊಡುತ್ತಿರಲಿಲ್ಲ. ಸಾತನೂರಿನ ನಮ್ಮ ಮನೆಯಲ್ಲಿ ಒಂದು ಚಳಿಯ ಬೆಳಿಗ್ಗೆ ಅವಳು ಓಡಿಬಂದು, "ಅಜ್ಜಿ ಹುಳ ಮನೆ ನಿದ್ದೆ" ಎಂದಳು.

"ಸರಿಯಾಗಿ ಹೇಳು ಚಿನ್ನ" ಎಂದು ಮೂರು ಸಲ ಹೇಳಿಸಿದೆ. ಅವಳು ಅಳುತ್ತಾ ನನ್ನ ಕೈ ಹಿಡಿದು ಎಳೆದಳು.

ರೇಷ್ಮೆ ಹುಳುಗಳಿಗೆ ಬೆಚ್ಚಗಿರಲೆಂದು ಕಿಟಕಿ ಬಾಗಿಲು ಮುಚ್ಚಿ ಇದ್ದಿಲ ಒಲೆ ಹಚ್ಚಿದ್ದ ಕೋಣೆಯಲ್ಲಿ ಅತ್ತೆ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಅಂಗಳಕ್ಕೆ ಎಳೆದು ತಂದು ಗಾಳಿಗೆ ಮಲಗಿಸಿದ ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟರು.

"ನಾನು ಸಾಯ್ತಿದ್ರೆ ನೀನು ಪಾಠ ಏಳ್ಕೊಡ್ತಾ ಕೂತಿದ್ದಲ್ಲವ್ವಾ!" ಎಂದು ಅತ್ತೆ ಈಗಲೂ ನಗುತ್ತಾರೆ. ನನಗೆ ಮಗಳ ಆ ಮೂರು ಸಲದ ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ಮಗಳು ಈಗ ಏನಿದ್ದರೂ ಅಜ್ಜಿಗೇ ಹೇಳುತ್ತಾಳೆ. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ.